ಬಟ್ಟೆ ಬಫ್, ಎಮರಿ ಚಕ್ರ, ವಜ್ರದ ಪ್ಯಾಡ್: ಪೆಟ್ಟಿಗೆ ಒಂದು, ಕೋಡ್ ಬೇರೆ ಬೇರೆ

ಪ್ರಶ್ನೆ: ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಸ್ಟೀಲ್ ರೇಲಿಂಗ್ ಮತ್ತು ಸಿಂಕ್ ಮಾಡುವ ಚಿಕ್ಕ ಘಟಕ ನಮ್ಮದು. ಈ ಸಲ ಪಾಲಿಶ್ ಚಕ್ರಗಳನ್ನು ಚೀನಾದಿಂದ ನೇರವಾಗಿ ತರಿಸಿದೆವು. ಹತ್ತಿ ಬಫ್, ಸೀಸಲ್ ಬಫ್, ಫ್ಲ್ಯಾಪ್ ವೀಲ್, ಸಾಣೆ ಚಕ್ರ ಎಲ್ಲವೂ ಒಂದೇ ಇನ್‌ವಾಯ್ಸ್‌ನಲ್ಲಿದ್ದವು. ಕಸ್ಟಮ್ಸ್ ಕಾಗದಪತ್ರ ಮಾಡಿಕೊಡುವ ಕ್ಲಿಯರಿಂಗ್ ಏಜೆಂಟರು ಎಲ್ಲಕ್ಕೂ ಸುಂಕದ ಕೋಡ್ 6804 ಎಂದೇ ಹಾಕಿದರು. ಕಸ್ಟಮ್ಸ್‌ನವರು ತಕರಾರು ತೆಗೆದಿದ್ದಾರೆ. ಎಲ್ಲವೂ ಪಾಲಿಶ್ ಮಾಡುವ ಚಕ್ರಗಳೇ ಅಲ್ಲವೆ, ಒಂದೇ ಕೋಡ್ ಯಾಕೆ ಸಾಲದು?
– ಓದುಗರೊಬ್ಬರು, ತುಮಕೂರು

ಉತ್ತರ: ಸಾಲದು. ತಕರಾರು ನ್ಯಾಯವಾದದ್ದೇ. ನಾನು ಬಫಿಂಗ್ ಶಾಪಿನಲ್ಲಿ ಕೈ ಕಪ್ಪು ಮಾಡಿಕೊಂಡು, ಆಮೇಲೆ ಆಮದು ಕಾಗದಪತ್ರ ನೋಡುವ ಕೆಲಸಕ್ಕೆ ಬಂದವನು. ನಮ್ಮ ಜಿಲ್ಲೆಯ ಚಿಕ್ಕ ಘಟಕಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಚಕ್ರ ಏನು ಕೆಲಸ ಮಾಡುತ್ತದೆ ಎಂದು ನೋಡಿ ಕೋಡ್ ಹಾಕಿಬಿಡುತ್ತಾರೆ. ನೋಡಬೇಕಾದದ್ದು ಅದು ಯಾವುದರಿಂದ ಆಗಿದೆ, ಉಜ್ಜುವ ಗ್ರಿಟ್, ಅಂದರೆ ಗಟ್ಟಿ ಹರಳಿನ ಪುಡಿ, ಅದರಲ್ಲಿ ಎಲ್ಲಿ ಕೂತಿದೆ ಎಂಬುದನ್ನು.

ಪೆಟ್ಟಿಗೆಯಿಂದ ಒಂದೊಂದನ್ನೇ ಕೈಗೆ ತೆಗೆದುಕೊಳ್ಳಿ. ಸಾಣೆ ಚಕ್ರವನ್ನು ಎಲ್ಲಿ ಒಡೆದರೂ ಒಳಗೆಲ್ಲ ಗ್ರಿಟ್ಟೇ. ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್ ಹರಳನ್ನು ಸೆರಾಮಿಕ್ ಬಂಧದಲ್ಲೋ ರಾಳದಲ್ಲೋ ಕಲಸಿ, ಅಚ್ಚಿಗೆ ಒತ್ತಿ, ಬೇಯಿಸಿ ಗಟ್ಟಿ ಮಾಡಿರುತ್ತಾರೆ. ಇಂಥದಕ್ಕೆ 6804. ವಜ್ರದ ಗ್ರಿಟ್ ಆದರೆ 6804 21, ಬೇರೆ ಗ್ರಿಟ್ ಅಥವಾ ಸೆರಾಮಿಕ್ ಆದರೆ 6804 22, ನೈಸರ್ಗಿಕ ಕಲ್ಲನ್ನೇ ಕಡೆದು ಮಾಡಿದ್ದಾದರೆ 6804 23. ಈ ಶೀರ್ಷಿಕೆಗೆ (ನಾಲ್ಕು ಅಂಕಿಯ ಕೋಡಿನ ವಿವರಣೆಗೆ) ‘ಚೌಕಟ್ಟು ಇಲ್ಲದ’ ಎಂಬ ಷರತ್ತೂ ಇದೆ. ಬೀದಿಯಲ್ಲಿ ಚಾಕು ಹರಿತ ಮಾಡುವವರು ಕಾಲಿನಿಂದ ತುಳಿಯುವ ಸಾಣೆ ಚೌಕಟ್ಟಿನ ಸಮೇತ ಬಂದರೆ ಅದು 8205ಕ್ಕೆ ಹೋಗುತ್ತದೆ.

ಫ್ಲ್ಯಾಪ್ ವೀಲ್ ಹಾಗಲ್ಲ. ಅದರ ಒಂದು ಎಸಳನ್ನು ಬೆರಳಿನಿಂದ ಬಗ್ಗಿಸಿ ನೋಡಿ. ಮುಂದೆ ಒರಟು, ಹಿಂದೆ ನೇಯ್ದ ಬಟ್ಟೆಯ ಎಳೆ ಸ್ಪಷ್ಟವಾಗಿ ಕಾಣುತ್ತದೆ. ಎಮರಿ ಬಟ್ಟೆಯನ್ನೇ ಕತ್ತರಿಸಿ ನಡುವಿನ ಗುಂಬಕ್ಕೆ ಸುತ್ತಲೂ ಅಂಟಿಸಿದ ಸಾಮಾನು ಅದು. ಬಟ್ಟೆ, ಕಾಗದಗಳ ಮೇಲೆ ಗ್ರಿಟ್ ಹಚ್ಚಿದ ವಸ್ತುವನ್ನು ಕತ್ತರಿಸಿ, ಹೊಲಿದು, ಯಾವ ಆಕಾರಕ್ಕೆ ತಂದಿದ್ದರೂ ಅದಕ್ಕೆ 6805. ನೇಯ್ದ ಬಟ್ಟೆಯ ಮೇಲಿದ್ದರೆ 6805 10, ಕಾಗದದ ಮೇಲಿದ್ದರೆ 6805 20.

ಇನ್ನು ಹತ್ತಿ ಬಫ್. ತಕರಾರಿನ ಬೇರು ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ದುಂಡಗೆ ಕತ್ತರಿಸಿದ ಬಟ್ಟೆಗಳನ್ನು ಒಂದರ ಮೇಲೊಂದಿಟ್ಟು ಸುರುಳಿ ಹೊಲಿಗೆ ಹಾಕಿದ್ದು ಅದು, ಅಷ್ಟೇ. ಅದರಲ್ಲಿ ಗ್ರಿಟ್ ಒಂದು ಚಿಟಿಕೆಯೂ ಇಲ್ಲ. ಉಜ್ಜುವ ಪುಡಿ ಇರುವುದು ತಿರುಗುವ ಬಫ್‌ಗೆ ನೀವು ಒತ್ತುವ ಸೋಪಿನ ಬಾರ್‌ನಲ್ಲಿ. ಹಾಗಾಗಿ ಬಫ್ ಕಲ್ಲು, ಸಿಮೆಂಟುಗಳ 68ನೇ ಅಧ್ಯಾಯಕ್ಕೆ ಸೇರದೆ ಜವಳಿಯ 59ನೇ ಅಧ್ಯಾಯಕ್ಕೆ ಸೇರುತ್ತದೆ. ಆ ಅಧ್ಯಾಯದ ಟಿಪ್ಪಣಿಯಲ್ಲಿ ತಾಂತ್ರಿಕ ಬಳಕೆಯ ಜವಳಿ ಸಾಮಾನುಗಳಿಗೆ ಉದಾಹರಣೆ ಕೊಡುವಾಗ ಗ್ಯಾಸ್ಕೆಟ್, ವಾಷರ್‌ಗಳ ಸಾಲಿನಲ್ಲೇ ಪಾಲಿಶಿಂಗ್ ಡಿಸ್ಕ್ ಎಂದು ಹೆಸರು ಹಿಡಿದು ಬರೆದಿದ್ದಾರೆ. ಕೋಡ್ 5911 90. ಸೀಸಲ್ ನಾರಿನ ಬಫ್, ಉಣ್ಣೆ ಫೆಲ್ಟಿನ ಚಕ್ರ ಗ್ರಿಟ್ ಇಲ್ಲದೆ ಬಂದರೆ ಅವೂ ಇಲ್ಲಿಗೇ. ಮೆಷಿನ್ನಿಗೆ ಹಾಕುವ ತಂತಿ ಬ್ರಷ್ ಚಕ್ರಕ್ಕೆ 9603 50, ಪಾಲಿಶ್ ಸೋಪಿಗೆ 3405.

ಮೊದಲ ಆರು ಅಂಕಿಗಳು ವಿಶ್ವ ಕಸ್ಟಮ್ಸ್ ಸಂಸ್ಥೆಯವು, 1988ರಿಂದ ಅಂತರರಾಷ್ಟ್ರೀಯವಾಗಿ ಜಾರಿಯಲ್ಲಿವೆ. ಅದರ ಮುಂದಿನ ಎರಡು ನಮ್ಮ ದೇಶದವು, 1975ರ ಕಸ್ಟಮ್ಸ್ ಸುಂಕ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಸಿಗುತ್ತವೆ. ಆ ಅನುಸೂಚಿಯ ಮೊದಲ ನಿಯಮವೇ ಹೇಳುವಂತೆ ಶೀರ್ಷಿಕೆಯ ಮಾತು ಮತ್ತು ವಿಭಾಗ, ಅಧ್ಯಾಯಗಳ ಟಿಪ್ಪಣಿ ಇವೇ ನಿರ್ಣಾಯಕ. ಅಂಗಡಿಯಲ್ಲಿ ಕರೆಯುವ ಹೆಸರು ಅಲ್ಲಿ ನಡೆಯುವುದಿಲ್ಲ.

ಈಗ ಮಾಡಬೇಕಾದ ಕೆಲಸ ಕೇಳಿ. 2011ರಿಂದ ಸುಂಕವನ್ನು ಆಮದುದಾರರೇ ಲೆಕ್ಕ ಹಾಕಿ ಘೋಷಿಸಬೇಕು. ಏಜೆಂಟರು ಹಾಕಿದರೂ ಹೊಣೆ ನಿಮ್ಮ ತಲೆಯ ಮೇಲೆಯೇ. ಮಾರಿದವರಿಂದ ಪ್ರತಿ ಐಟಂಗೂ ಕ್ಯಾಟಲಾಗ್ ಪುಟ ತರಿಸಿ: ಬಟ್ಟೆಯೋ ನಾರೋ ರಾಳವೋ, ಗ್ರಿಟ್ ಇದೆಯೋ ಇಲ್ಲವೋ, ಅಳತೆ ಎಷ್ಟು. ಒಂದೊಂದು ಬಗೆಗೆ ಒಂದೊಂದು ಸಾಲು ಮಾಡಿ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ತಿದ್ದಿಸಲು ಏಜೆಂಟರಿಗೆ ಬರೆದು ಕೊಡಿ. ಸರಕು ಹೊರಬರುವ ಮೊದಲೇ ಇದನ್ನು ಮುಗಿಸಿಕೊಳ್ಳುವುದು ಕ್ಷೇಮ. ಬಿಡುಗಡೆಯಾದ ಮೇಲೆ ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ ತಿದ್ದಬೇಕಾದರೆ, ಬಿಡುಗಡೆಯ ಹೊತ್ತಿಗೆ ಇದ್ದ ದಾಖಲೆಯನ್ನೇ ತೋರಿಸಬೇಕಾಗುತ್ತದೆ. ಮುಂದೆಯೂ ಇದೇ ಸರಕು ತರಿಸುವುದಾದರೆ ದೆಹಲಿ ಅಥವಾ ಮುಂಬೈನ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಕೋಡನ್ನು ಮೊದಲೇ ಖಚಿತ ಮಾಡಿಕೊಳ್ಳಬಹುದು. ಸುಂಕದ ದರ ಬಜೆಟ್ಟಿನಲ್ಲೂ ಅಧಿಸೂಚನೆಗಳಲ್ಲೂ ಬದಲಾಗುತ್ತಿರುತ್ತದೆ, ಆದ್ದರಿಂದ ಆರ್ಡರ್ ಹಾಕುವ ದಿನ ಒಮ್ಮೆ, ಸರಕು ಬರುವ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ಮನೆತನ ನಮ್ಮದು. ಕೃಷ್ಣಶಿಲೆಯನ್ನು ಕೈಯಲ್ಲೇ ಉಜ್ಜಿ ನಯ ಮಾಡುತ್ತೇವೆ. ಈಗ ಗ್ರಾನೈಟ್ ಪೀಠಕ್ಕೆ ಬೇಡಿಕೆ ಬಂದಿದೆ. ಮಗ ವಜ್ರದ ಪ್ಯಾಡ್ ತಂದಿದ್ದಾನೆ. 200 ನಂಬರಿನ ಗ್ರಿಟ್ ಆದ ಮೇಲೆ ನೇರವಾಗಿ 3000 ಹಾಕಿದರೂ ಕನ್ನಡಿಯಂಥ ಹೊಳಪು ಬರಲಿಲ್ಲ.
– ಶಿಲ್ಪಿಯೊಬ್ಬರು, ಕೋಲಾರ ಜಿಲ್ಲೆ

ಉತ್ತರ: ಪ್ಯಾಡಿನ ದೋಷವಲ್ಲ, ನಡುವಿನ ಮೆಟ್ಟಿಲು ಹಾರಿದ್ದೇ ಕಾರಣ. 200ರ ಪ್ಯಾಡ್ ಬಿಟ್ಟ ಗೀರನ್ನು 3000ದ ನುಣುಪು ಗ್ರಿಟ್ ಅಳಿಸಲಾರದು, ಅದರ ಮೇಲೆ ಬರೀ ಮಿಂಚು ಹಚ್ಚುತ್ತದೆ. 50, 100, 200, 400, 800, 1500, 3000 ಎಂದು ಕ್ರಮವಾಗಿ ಹೋಗಿ. ಪ್ರತಿ ಪ್ಯಾಡ್ ಮುಗಿದಾಗ ಕಲ್ಲನ್ನು ತೊಳೆದು, ಪೂರ್ತಿ ಒರೆಸಿ ಒಣಗಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒದ್ದೆ ಕಲ್ಲಿನ ಮೇಲೆ ಗೀರು ಅಡಗಿಕೊಳ್ಳುತ್ತದೆ. ಹಿಂದಿನ ಪ್ಯಾಡಿನ ಒಂದು ಗೀರು ಉಳಿದಿದ್ದರೂ ಮುಂದಿನದಕ್ಕೆ ಕೈ ಹಾಕಬೇಡಿ.

ಮಗ ಪ್ಯಾಡನ್ನು ಸಾಮಾನ್ಯ ಆ್ಯಂಗಲ್ ಗ್ರೈಂಡರ್‌ಗೆ ಹಾಕಿದ್ದಾರೆಯೇ? ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆ ವೇಗಕ್ಕೆ ಪ್ಯಾಡಿನ ರಾಳ ಸುಟ್ಟು ಕಲ್ಲಿನ ಮೇಲೆ ಕಲೆಯಾಗುತ್ತದೆ. ವೇಗ ತಗ್ಗಿಸಬಹುದಾದ, ನೀರಿನ ನಳಿಕೆ ಇರುವ ಪಾಲಿಶರ್ ತೆಗೆದುಕೊಳ್ಳಿ. ನೀರು ಹೊಳಪಿಗಷ್ಟೇ ಅಲ್ಲ, ಉಸಿರಿಗೂ ಬೇಕು. ಗ್ರಾನೈಟ್ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ತರುತ್ತದೆ, ಬಂದ ಮೇಲೆ ಅದು ವಾಸಿಯಾಗುವುದಿಲ್ಲ. ಒಣ ಕೆಲಸ ಮಾಡಲೇಬೇಕಾದಾಗ ಮುಖಕ್ಕೆ ಸುತ್ತುವ ಟವಲ್ ಸಾಲದು, ಸಣ್ಣ ದೂಳು ತಡೆಯುವ ಮಾಸ್ಕ್ ಹಾಕಿಸಿ. ಇದನ್ನು ನಿಮ್ಮ ಬೀದಿಯ ಎಲ್ಲ ಹುಡುಗರಿಗೂ ದಯವಿಟ್ಟು ಹೇಳಿ.

ಕೃಷ್ಣಶಿಲೆಗೆ ನಿಮ್ಮ ಕೈಪದ್ಧತಿಯೇ ಚೆನ್ನ. ಆ ಕಲ್ಲು ಮೃದು. ಮೆಷಿನ್ ಪ್ಯಾಡ್ ತಾಗಿದರೆ ಮೂಗಿನ ತುದಿ, ಕಣ್ಣೆವೆಯ ಅಂಚು ಕ್ಷಣದಲ್ಲಿ ಸವೆದುಹೋಗುತ್ತವೆ.

ಪ್ರಶ್ನೆ: ಸ್ಟೀಲ್ ಪಾತ್ರೆ ಪಾಲಿಶ್ ಮಾಡುತ್ತೇವೆ. ಹೊಸ ಬಫ್ ಕೊಡುವ ಹೊಳಪನ್ನು ಸವೆದ ಬಫ್ ಕೊಡುವುದಿಲ್ಲ. ಕೆಲವು ಪಾತ್ರೆಗಳ ಮೇಲೆ ವಾರದಲ್ಲೇ ತುಕ್ಕಿನ ಚುಕ್ಕೆ ಏಳುತ್ತದೆ.
– ಓದುಗರೊಬ್ಬರು, ಗೌರಿಬಿದನೂರು

ಉತ್ತರ: ಬಫ್ ಸವೆದಂತೆ ಅದರ ಅಂಚಿನ ವೇಗ ಇಳಿಯುತ್ತದೆ. ಮೋಟಾರ್ ನಿಮಿಷಕ್ಕೆ 2800 ಸುತ್ತು ತಿರುಗುತ್ತಿದ್ದರೆ 250 ಮಿ.ಮೀ. ಬಫ್‌ನ ಅಂಚು ಸೆಕೆಂಡಿಗೆ ಸುಮಾರು 37 ಮೀಟರ್ ಓಡುತ್ತದೆ. ಅದೇ ಬಫ್ 150ಕ್ಕೆ ಸವೆದಾಗ 22 ಮೀಟರ್. ಆಗ ಹುಡುಗರು ಹೊಳಪು ಬರಲಿ ಎಂದು ಪಾತ್ರೆಯನ್ನು ಗಟ್ಟಿಯಾಗಿ ಒತ್ತುತ್ತಾರೆ, ಬಿಸಿಯಾಗಿ ಬಣ್ಣ ಕೆಡುತ್ತದೆ. ಸವೆದ ಬಫ್‌ಗಳನ್ನು ಚಿಕ್ಕ ಸಾಮಾನಿಗೆ, ಸಾಧ್ಯವಾದರೆ ಹೆಚ್ಚು ವೇಗದ ಮೋಟಾರಿಗೆ ತೆಗೆದಿಡಿ. ಆದರೆ ಬಫ್ ಮೇಲೆ ಬರೆದ ಗರಿಷ್ಠ ವೇಗ ದಾಟಬೇಡಿ.

ಚುಕ್ಕೆಗೆ ಕಾರಣ ಬಹುಪಾಲು ಒಂದೇ: ಸಾಮಾನ್ಯ ಕಬ್ಬಿಣಕ್ಕೆ ಬಳಸಿದ ಬಫ್ ಅಥವಾ ತಂತಿ ಬ್ರಷ್ಷನ್ನೇ ಸ್ಟೇನ್‌ಲೆಸ್‌ಗೂ ಬಳಸುವುದು. ಕಬ್ಬಿಣದ ಕಣ ಪಾತ್ರೆಯ ಮೈಗೆ ಅಂಟಿ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್‌ಗೆ ಬೇರೆ ಚಕ್ರ ಇಡಿ, ಹೊಳಪಿನ ಹಸಿರು ಸೋಪಿಗೂ ಗೀರು ತೆಗೆಯುವ ಕಟಿಂಗ್ ಸೋಪಿಗೂ ಬೇರೆ ಬಫ್ ಇಡಿ. ಪಾತ್ರೆಯನ್ನು ಬಫ್‌ನ ನಡುಮಟ್ಟಕ್ಕಿಂತ ತುಸು ಕೆಳಗೆ ಹಿಡಿಯಬೇಕು, ಬಫ್ ಪಾತ್ರೆಯ ಅಂಚಿನಿಂದ ಹೊರಕ್ಕೆ ಓಡಬೇಕು. ಚೂಪು ಅಂಚಿಗೆ ಎದುರಾಗಿ ಓಡಿದರೆ ಪಾತ್ರೆಯನ್ನು ಕೈಯಿಂದ ಕಿತ್ತು ಎಸೆಯುತ್ತದೆ. ಸಡಿಲ ತೋಳು, ನೇತಾಡುವ ಬಟ್ಟೆಯ ಗ್ಲೌಸ್ ಬೇಡವೇ ಬೇಡ.

ಪ್ರಶ್ನೆ: ಗೋದಾಮಿನಲ್ಲಿ ಬಹಳ ದಿನ ಇದ್ದ ಸಾಣೆ ಚಕ್ರ ಬಳಸಬಹುದೇ?
– ಓದುಗರೊಬ್ಬರು, ಶಿರಾ

ಉತ್ತರ: ತಟ್ಟಿ ನೋಡದೆ ಹಾಕಬೇಡಿ. ಚಕ್ರ ಒಣಗಿರಲಿ. ನಡುವಿನ ತೂತಿಗೆ ಬೆರಳು ಹಾಕಿ ತೂಗುಬಿಟ್ಟು, ಸ್ಕ್ರೂಡ್ರೈವರ್‌ನ ಮರದ ಹಿಡಿಯಿಂದ ಅಂಚಿನ ಹತ್ತಿರ ಮೆಲ್ಲಗೆ ತಟ್ಟಿ. ಸೆರಾಮಿಕ್ ಬಂಧದ ಚಕ್ರ ಠಣ್ ಎನ್ನಬೇಕು. ಮಂದವಾಗಿ ಸದ್ದು ಮಾಡಿದರೆ ಒಳಗೆ ಬಿರುಕಿದೆ ಎಂದು ತಿಳಿಯಿರಿ. ರಾಳದ ಚಕ್ರ ಅಷ್ಟು ಚೆನ್ನಾಗಿ ಠಣಿಸುವುದಿಲ್ಲ, ಅದನ್ನು ಕಣ್ಣಿನಿಂದ ನೋಡಿ, ಮೇಲೆ ಮುದ್ರಿಸಿದ ಅವಧಿ ಮೀರಿದ್ದರೆ ಬಿಟ್ಟುಬಿಡಿ. ಬಿರುಕು ಬಿಟ್ಟ ಚಕ್ರವನ್ನು ಮೂಲೆಯಲ್ಲಿ ಇಡಬೇಡಿ. ಇನ್ನೊಬ್ಬರು ತಿಳಿಯದೆ ಮೆಷಿನ್ನಿಗೆ ಏರಿಸದಂತೆ ಅಂದೇ ಸುತ್ತಿಗೆಯಿಂದ ಒಡೆದು ಹಾಕಿಸಿ.