‘ಬಸ್ಸಿಗೆ ತಾಳುತ್ತಿದ್ದೇನೆ’ ಅಂದರೆ ಯಾಕೆ ನಗುತ್ತಾರೆ?

ಪ್ರಶ್ನೆ: ಮೇಷ್ಟ್ರೇ, ನಮ್ಮಜ್ಜಿ ಮಳವಳ್ಳಿ ಕಡೆಯವರು. ನಾನು ಏನಕ್ಕೇ ಆತುರ ಮಾಡಲಿ, ‘ತಾಳು ಮಗ, ಒಸಿ ತಾಳು’ ಅನ್ನುತ್ತಾರೆ. ನನಗೆ ಈ ಪದ ತುಂಬ ಇಷ್ಟ. ನಾನೂ ಬಳಸೋಣ ಅಂತ ಮೊನ್ನೆ ಆಫೀಸಿನ ವಾಟ್ಸಾಪ್ ಗುಂಪಿಗೆ ‘ಬಸ್ಸಿಗೆ ತಾಳುತ್ತಿದ್ದೇನೆ, ಬರೋದು ಸ್ವಲ್ಪ ತಡ’ ಅಂತ ಹಾಕಿದೆ. ಎಲ್ಲರೂ ನಕ್ಕರು. ‘ಕಾಯು’ ಬದಲು ‘ತಾಳು’ ಹಾಕಬಾರದಾ? ‘ಸೈರಿಸು’ ಅಂದಿದ್ದರೆ ಸರಿ ಇರುತ್ತಿತ್ತಾ?
— ಓದುಗರು, ಮೈಸೂರು

ಉತ್ತರ: ಅಜ್ಜಿ ಹೇಳಿದ್ದು ಸರಿ. ನಿಮ್ಮ ಮೆಸೇಜು ತಪ್ಪು. ಆದರೆ ತಪ್ಪಿರುವುದು ‘ತಾಳು’ವಿನಲ್ಲಿ ಅಲ್ಲ, ಅದರ ಹಿಂದೆ ನೀವು ತಂದು ನಿಲ್ಲಿಸಿದ ‘ಬಸ್ಸಿಗೆ’ಯಲ್ಲಿ.

‘ಕಾಯು’ ಅಂದ ಕೂಡಲೇ ‘ಯಾರನ್ನ? ಯಾವುದಕ್ಕೆ?’ ಅನ್ನುವ ಪ್ರಶ್ನೆ ಬರುತ್ತದೆ. ಬಸ್ಸಿಗೆ ಕಾಯುತ್ತೇವೆ, ಸಂಬಳಕ್ಕೆ ಕಾಯುತ್ತೇವೆ, ಅಕ್ಕನನ್ನ ಕಾಯುತ್ತೇವೆ. ‘ತಾಳು’ವಿಗೆ ಬರಬೇಕಾದ ವಸ್ತುವಿನ ಹಂಗಿಲ್ಲ. ಅದರ ಜೊತೆ ಬರುವುದು ನಾವು ಹೊರಬೇಕಾದ ಭಾರ. ಬಿಸಿಲು ತಾಳೋಕಾಗಲ್ಲ. ಹಸಿವು ತಾಳಲ್ಲ ಮಗು. ಅಷ್ಟು ನೋವು ಹೇಗೆ ತಾಳಿದಳೋ! ಏನನ್ನೂ ಹೆಸರಿಸದೆ ಬರೀ ‘ತಾಳು’ ಅಂದರೆ, ನಿನ್ನ ಆತುರವನ್ನೇ ಸ್ವಲ್ಪ ಹಿಡಿದಿಟ್ಟುಕೋ ಅಂತ ಅರ್ಥ.

ಮಂಡ್ಯ ಕಡೆ ರೈತರ ಮಾತು ಕೇಳಿಸಿಕೊಂಡರೆ ಈ ವ್ಯತ್ಯಾಸ ಒಂದೇ ಏಟಿಗೆ ಗೊತ್ತಾಗುತ್ತದೆ. ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಅಣೆಕಟ್ಟು, ಪೂರ್ತಿ 124.80 ಅಡಿ ತುಂಬುವುದನ್ನ ಅವರು ಕಾಯುತ್ತಾರೆ. ನಾಲೆಗೆ ನೀರು ಬಿಡುವುದನ್ನ ಕಾಯುತ್ತಾರೆ. ಆದರೆ ಗದ್ದೆಯ ವಿಷಯಕ್ಕೆ ಬಂದಾಗ ‘ಪೈರು ಇನ್ನೊಂದು ವಾರ ತಾಳುತ್ತೆ, ಆಮೇಲೆ ತಾಳಲ್ಲ’ ಅನ್ನುತ್ತಾರೆ. ಇಲ್ಲಿ ಪದ ಅದಲುಬದಲು ಮಾಡಿ ನೋಡಿ. ‘ರೈತ ಪೈರು ಕಾಯ್ತಾನೆ’ ಅಂದರೆ ಹಂದಿ ನುಗ್ಗದ ಹಾಗೆ ಕಾವಲು ಕೂತಿದ್ದಾನೆ ಅಂತಾಗುತ್ತದೆ. ಕಾಯುವುದಕ್ಕೆ ಕಣ್ಣು ಬೇಕು, ತಾಳುವುದಕ್ಕೆ ಕಸುವು ಬೇಕು. ಅದಕ್ಕೇ ಜೀವ ಇಲ್ಲದ ವಸ್ತು ಕೂಡ ತಾಳುತ್ತದೆ. ಈ ಹಗ್ಗ ತಾಳುತ್ತಾ? ಗೋಡೆ ಇನ್ನೊಂದು ಮಳೆಗಾಲ ತಾಳಲ್ಲ. ಅಮ್ಮನ ರೇಷ್ಮೆ ಸೀರೆ ಇಷ್ಟು ವರ್ಷ ತಾಳಿದ್ದೇ ದೊಡ್ಡದು. ‘ತಾಳಿಕೆ ಬರುತ್ತೆ’ ಅಂತ ಅಂಗಡಿಯವರು ಹೇಳುವುದೂ ಇದನ್ನೇ.

ಪದದ ಹಳೆಯ ಅರ್ಥವೇ ಹಿಡಿ, ಹೊರು ಅನ್ನುವುದು. ಪತ್ರಿಕೆಗಳಲ್ಲಿ ದಿನಾ ಓದುವ ‘ಮೌನ ತಾಳಿದರು’, ‘ಹೋರಾಟ ಉಗ್ರರೂಪ ತಾಳಿತು’ ಇವೆಲ್ಲ ಅದೇ ಕ್ರಿಯಾಪದ. ‘ನಿಲುವು ತಳೆದರು’ ಅನ್ನುವ ‘ತಳೆ’ಯೂ ಅದರ ನಂಟಸ್ತನದ್ದೇ. ತೆಲುಗಿನಲ್ಲೂ ‘ತಾಳು’ ಅಂದರೆ ಸಹಿಸು, ತಡೆದುಕೋ. ದುಡಿ ಹೋಗಿ ದುಡಿಮೆ ಆದ ಹಾಗೆ ತಾಳ್ ಹೋಗಿ ತಾಳ್ಮೆ ಆಯಿತು. ‘ತಾಳ್ಮೆ’ ಈಗಲೂ ಎಲ್ಲರ ಬಾಯಲ್ಲಿದೆ, ‘ತಾಳು’ ಮಾತ್ರ ಅಜ್ಜಿಯರ ಪಾಲಾಗಿದೆ. ಇದು ನನಗೆ ಸೋಜಿಗ.

ನಿಮ್ಮ ಸ್ನೇಹಿತರು ನಗಲು ಇನ್ನೊಂದು ಕಾರಣವೂ ಇದೆ. ‘ತಾಳುತ್ತಿದ್ದೇನೆ’ ಅಂತ ಯಾರೂ ಅನ್ನುವುದಿಲ್ಲ. ಮಾತಿನಲ್ಲಿ ಈ ಪದ ಹೆಚ್ಚಾಗಿ ಉಳಿದಿರುವುದು ಎರಡೇ ಕಡೆ. ಇನ್ನೊಬ್ಬರಿಗೆ ಹೇಳುವಾಗ: ತಾಳು, ತಾಳಿ, ತಾಳಪ್ಪ, ತಾಳಮ್ಮ. ಆಗಲ್ಲ ಅನ್ನುವಾಗ: ತಾಳಲ್ಲ, ತಾಳಲಾರೆ, ತಾಳೋಕಾಗಲ್ಲ. ‘ಇಷ್ಟು ದಿನ ತಾಳಿದ್ದೀರಿ, ಇನ್ನೆರಡು ದಿನ ತಾಳಿ’ ಅನ್ನುವುದೂ ಕಿವಿಗೆ ಹಿತವಾಗಿದೆ. ಹಾಗಾಗಿ ಮುಂದಿನ ಸಲ ‘ಬಸ್ಸಿಗೆ ಕಾಯ್ತಿದ್ದೀನಿ, ಸ್ವಲ್ಪ ತಾಳಿ’ ಅಂತ ಹಾಕಿ. ಬಸ್ಸಿಗೆ ನೀವು ಕಾಯಿರಿ, ತಾಳುವ ಕೆಲಸ ಆಫೀಸಿನವರಿಗೆ ಬಿಡಿ.

ಇರು, ತಡಿ, ತಾಳು ಮೂರೂ ಒಂದೇ ಅಲ್ವಾ ಅಂತ ಕೇಳುವವರಿದ್ದಾರೆ. ಒಂದೇ ಅಲ್ಲ. ‘ಇರು, ಬಂದೆ’ ಅನ್ನುವುದು ಅರ್ಧ ನಿಮಿಷದ ಮಾತು. ‘ತಡೀರಿ, ಚಿಲ್ಲರೆ ಕೊಡ್ತೀನಿ’ ಅಂದರೆ ಹೊರಟವರನ್ನ ನಿಲ್ಲಿಸುವುದು. ‘ತಾಳು’ ಬರುವುದು ಎದುರಿನವರ ಮನಸ್ಸು ಚಡಪಡಿಸುತ್ತಿರುವಾಗ. ಆಲೆಮನೆಗೆ ಹೋದರೆ ಇದನ್ನ ಕಣ್ಣಾರೆ ನೋಡಬಹುದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಗಟ್ಟಿಯಾಗಿ, ಹೊಂಬಣ್ಣದ ಗುಳ್ಳೆ ಏಳುತ್ತಿರುತ್ತದೆ. ಬಿಸಿ ಬೆಲ್ಲದ ಆಸೆಗೆ ಹುಡುಗರು ಸುತ್ತ ನಿಂತಿರುತ್ತಾರೆ. ಪಾಕ ನೋಡುವವರು ಒಂದಿಷ್ಟನ್ನ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾರೆ. ಉಂಡೆ ನಿಲ್ಲಲಿಲ್ಲ. ‘ತಾಳ್ರುಲಾ, ಇನ್ನೂ ಪಾಕ ಬಂದಿಲ್ಲ!’ ಆ ಜಾಗದಲ್ಲಿ ‘ಕಾಯಿರಿ’ ಅಂದರೆ ಬ್ಯಾಂಕಿನ ಟೋಕನ್ ಕೊಟ್ಟ ಹಾಗಿರುತ್ತದೆ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಚಡಪಡಿಕೆಯನ್ನ ತೋರಿಸಿಕೊಡುವ ಮಾತಾದ್ದರಿಂದ ಇದರಲ್ಲಿ ಸಣ್ಣ ಚುಚ್ಚು ಇದೆ. ‘ತಾಳಿ ಸ್ವಾಮಿ’ ಅಂತ ದೊಡ್ಡವರಿಗೆ ಅಂದರೆ ‘ಏನು ಅವಸರ ನಿಮಗೆ’ ಅಂದ ಹಾಗೇ ಕೇಳಿಸಬಹುದು. ಮೇಲಧಿಕಾರಿಗೆ ಬೇಡ. ಕಚೇರಿ ಬೋರ್ಡಿಗೂ ಬೇಡ, ಅಲ್ಲಿ ‘ನಿಮ್ಮ ಸರದಿಗೆ ಕಾಯಿರಿ’ ಸಾಕು. ಆದರೆ ಆಸ್ಪತ್ರೆ ಬಾಗಿಲಲ್ಲಿ ಕಂಗಾಲಾಗಿ ನಿಂತವರ ಹೆಗಲ ಮೇಲೆ ಕೈಯಿಟ್ಟು ‘ತಾಳಿ, ಸರಿ ಹೋಗುತ್ತೆ’ ಅನ್ನಿ. ಅದಕ್ಕೆ ಸಮನಾದ ಇನ್ನೊಂದು ಪದ ನನಗಂತೂ ಸಿಕ್ಕಿಲ್ಲ.

‘ಸೈರಿಸು’ವಿನ ದಾರಿಯೇ ಬೇರೆ. ಅದು ಜಾಸ್ತಿ ಅಂಟಿಕೊಳ್ಳುವುದು ಬೇರೆಯವರ ನಡತೆಗೆ. ಇನ್ನೊಬ್ಬರ ಕೊಂಕು ಮಾತು ಸೈರಿಸುತ್ತೇವೆ, ತಪ್ಪು ಸೈರಿಸುತ್ತೇವೆ. ಪಕ್ಕದ ಮನೆಯವರ ಏಳಿಗೆ ಸೈರಿಸದವರೂ ಉಂಟು. ಬಸ್ಸಿನ ವಿಷಯಕ್ಕೆ ಅದನ್ನ ಸುಮ್ನೆ ಎಳೆದು ತರಬೇಡಿ. ಅದರ ಒಂದು ಬಳಕೆ ಮಾತ್ರ ಮರೆಯಾದರೂ ನನಗೆ ಬೇಜಾರಿಲ್ಲ: ಸೊಸೆಯರಿಗೆ ಹೇಳುತ್ತಿದ್ದ ‘ಸೈರಿಸಿಕೊಂಡು ಹೋಗಮ್ಮ’.

ಪ್ರಶ್ನೆ: ‘ತಾಳಿದವನು ಬಾಳಿಯಾನು’ ಅನ್ನುವ ಗಾದೆಯಲ್ಲಿ ‘ಬಾಳುವನು’ ಅಂತ ಯಾಕಿಲ್ಲ ಅಂತ ನಮ್ಮ ಶಾಲೆಯ ಹುಡುಗಿಯೊಬ್ಬಳು ಕೇಳಿದಳು. ಏನು ಹೇಳಲಿ?
— ಶಿಕ್ಷಕಿ, ಮಂಡ್ಯ

ಉತ್ತರ: ಹುಡುಗಿಗೆ ಶಹಬ್ಬಾಸ್ ಹೇಳಿ. ಬಂದಾನು, ಬಿದ್ದೀತು, ಮಾಡಿಯಾಳು ಇವೆಲ್ಲ ಸಂಭಾವನೆಯ ರೂಪ. ಆಗಬಹುದು ಅನ್ನುತ್ತವೆ, ಆಗಿಯೇ ತೀರುತ್ತದೆ ಅನ್ನುವುದಿಲ್ಲ. ತಾಳಿದವನು ಬಾಳಬಹುದು ಅಂತಷ್ಟೇ ಗಾದೆ ಹೇಳುವುದು. ತಾಳ್ಮೆಗೆ ಗ್ಯಾರಂಟಿ ಕಾರ್ಡು ಕೊಟ್ಟಿಲ್ಲ. ನಾವು ಮಾತ್ರ ಮಕ್ಕಳ ಮುಂದೆ ಗ್ಯಾರಂಟಿ ಅನ್ನುವ ಹಾಗೇ ಹೇಳುತ್ತೇವೆ. ‘ಮೆಲ್ಲಗೆ ಹತ್ತು, ಬಿದ್ದೀಯೆ’ ಅಂತ ಮನೆಯಲ್ಲಿ ಅಂದಾಗಲೂ ಬರುವುದು ಇದೇ ರೂಪ. ಆ ಉದಾಹರಣೆ ಕೊಟ್ಟರೆ ತರಗತಿಗೆ ಬೇಗ ಹತ್ತುತ್ತದೆ.

ಪ್ರಶ್ನೆ: ಆಮಂತ್ರಣದ ಮೆಸೇಜಿನಲ್ಲಿ ‘ತಾಳಿ’ ಅಂತ ಬರೆದರೆ ಮಾಂಗಲ್ಯ ಅಂದುಕೊಳ್ಳುತ್ತಾರೆ. ಏನು ಮಾಡೋದು?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಹಿಂದೆ ‘ಸ್ವಲ್ಪ’ ಸೇರಿಸಿ. ಮಾಂಗಲ್ಯವನ್ನ ಯಾರೂ ಸ್ವಲ್ಪ ಕಟ್ಟುವುದಿಲ್ಲ.