ಮೊದಲ ಬಾರಿಗೆ ಸೆಕೆಂಡ್ ಹ್ಯಾಂಡ್ ರೀಲು ಕ್ಯಾಮೆರಾ ಕೊಳ್ಳುವವರು ಕಡಿಮೆ ಬೆಲೆಯಲ್ಲಿ ಯಾವುದನ್ನು ಆರಿಸಬೇಕು?

ನೀವು ಕೇಳಿರುವುದು ಇಷ್ಟು: ಕೈಯಲ್ಲಿ ಎಂಟು ಸಾವಿರ ರೂಪಾಯಿ ಇದೆ, ಇದುವರೆಗೆ ಮೊಬೈಲಿನಲ್ಲಿ ಬಿಟ್ಟು ಬೇರೆ ಯಾವುದರಲ್ಲೂ ಫೋಟೋ ತೆಗೆದಿಲ್ಲ, ಇನ್‌ಸ್ಟಾಗ್ರಾಮಿನಲ್ಲಿ ಒಬ್ಬರು ಕ್ಯಾನನ್ ಎಇ-1 ಕ್ಯಾಮೆರಾವನ್ನು ಹದಿನಾರು ಸಾವಿರಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಸಾಲ ಮಾಡಿಯಾದರೂ ಅದನ್ನೇ ಕೊಳ್ಳಬೇಕೇ, ಇಲ್ಲವೇ ಅಗ್ಗದ್ದು ಯಾವುದಾದರೂ ಸಾಕೇ?

ಸಾಲ ಮಾಡಬೇಡಿ. ಇರುವ ಎಂಟು ಸಾವಿರವನ್ನೂ ಕ್ಯಾಮೆರಾಕ್ಕೇ ಸುರಿಯಬೇಡಿ. ಅರ್ಧ ಹಣವನ್ನು ರೀಲಿಗೆ, ತೊಳೆಸುವುದಕ್ಕೆ, ಸ್ಕ್ಯಾನಿಗೆ ಎಂದು ಮೊದಲೇ ಎತ್ತಿಡಿ. ದುಬಾರಿ ಕ್ಯಾಮೆರಾ ಕೊಂಡು, ರೀಲಿಗೆ ಕಾಸಿಲ್ಲದೆ ಅದನ್ನು ಶೋಕೇಸಿನಲ್ಲಿಟ್ಟು ಕುಳಿತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕ್ಯಾಮೆರಾ ಎಂದರೆ ಬೆಳಕು ಸೋರದ ಒಂದು ಪೆಟ್ಟಿಗೆ, ಅದರೊಳಗೆ ಹೇಳಿದಷ್ಟು ಹೊತ್ತು ಮಾತ್ರ ತೆರೆದು ಮುಚ್ಚಿಕೊಳ್ಳುವ ಶಟರ್ ಎಂಬ ಪರದೆ, ಮುಂದೆ ಒಂದು ಲೆನ್ಸು. ಈ ಮೂರೂ ಸರಿಯಿದ್ದರೆ ಹಣೆಯ ಮೇಲೆ ಯಾವ ಹೆಸರಿದೆ ಎಂಬುದು ಫೋಟೋಕ್ಕೆ ಗೊತ್ತಾಗುವುದಿಲ್ಲ. ನಿಮ್ಮ ಜೇಬಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಎಇ-1 ಕೆಟ್ಟ ಕ್ಯಾಮೆರಾ ಅಲ್ಲ. 1976ರಲ್ಲಿ ಬಂದಾಗ ಅದು ದೊಡ್ಡ ಸುದ್ದಿಯೇ ಆಗಿತ್ತು. ಆದರೆ ಅದರ ಶಟರ್ ನಡೆಯುವುದು ಎಲೆಕ್ಟ್ರಾನಿಕ್ಸ್ ಮೇಲೆ. ಆರು ವೋಲ್ಟಿನ ಪುಟ್ಟ ಬ್ಯಾಟರಿ ಮುಗಿದರೆ ಕ್ಲಿಕ್ ಕೂಡ ಆಗದು. ಹಳೆಯದಾದಂತೆ ಕ್ಲಿಕ್ ಮಾಡಿದಾಗಲೆಲ್ಲ ಕೀಚಲು ದನಿಯಲ್ಲಿ ಕೆಮ್ಮುವುದು ಇದರ ಹೆಸರಾಂತ ಕಾಯಿಲೆ. ಸರ್ವೀಸ್ ಮಾಡಿಸಿದರೆ ಹೋಗುತ್ತದೆ, ಆದರೆ ಸರ್ವೀಸ್ ಮಾಡುವವರನ್ನು ಹುಡುಕಬೇಕು. 1981ರ ಮಿನೋಲ್ಟಾ ಎಕ್ಸ್-700 ಕೂಡ ಇದೇ ಜಾತಿ, ಅದರಲ್ಲಿ ಕೆಪಾಸಿಟರ್ (ವಿದ್ಯುತ್ ಕೂಡಿಟ್ಟುಕೊಳ್ಳುವ ಪುಟ್ಟ ಬಿಡಿಭಾಗ) ಹೋಗುತ್ತದೆ. ಕಲಿಯುವವರ ಕ್ಯಾಮೆರಾ ಎಂದು ಎಲ್ಲರೂ ಬೆರಳು ತೋರಿಸುವ ಪೆಂಟಾಕ್ಸ್ ಕೆ1000 (1976ರಿಂದ 1997ರವರೆಗೂ ತಯಾರಾಯಿತು) ಪೂರ್ತಿ ಯಾಂತ್ರಿಕ, ಗಟ್ಟಿಮುಟ್ಟು. ಆದರೆ ಎಲ್ಲರೂ ಬೆರಳು ತೋರಿಸಿದ್ದರಿಂದಲೇ ಅದೂ ಈಗ ಬಡವರ ಕ್ಯಾಮೆರಾವಾಗಿ ಉಳಿದಿಲ್ಲ.

ನಮ್ಮ ದೇಶದಲ್ಲಿ ಹುಡುಕುವವರು ನಮ್ಮ ದೇಶದಲ್ಲಿ ಹೆಚ್ಚು ಮಾರಾಟವಾದದ್ದನ್ನು ಹುಡುಕಬೇಕು. ಅಂಥವು ಮುಖ್ಯವಾಗಿ ಎರಡು: ಯಾಶಿಕಾ ಎಫ್‌ಎಕ್ಸ್-3 ಸೂಪರ್ 2000 ಮತ್ತು ನಿಕಾನ್ ಎಫ್‌ಎಂ10. ಹೆಸರು ಬೇರೆಯಾದರೂ ಎರಡನ್ನೂ ತಯಾರಿಸಿದ್ದು ಜಪಾನಿನ ಕೊಸಿನಾ ಎಂಬ ಕಂಪನಿ, ಆದ್ದರಿಂದ ಗುಣದಲ್ಲಿ ಅಣ್ಣತಮ್ಮಂದಿರು. ಎರಡರದೂ ಯಾಂತ್ರಿಕ ಶಟರ್, ಒಂದು ಸೆಕೆಂಡಿನಿಂದ ಸೆಕೆಂಡಿನ ಎರಡು ಸಾವಿರದ ಒಂದು ಭಾಗದವರೆಗೆ ವೇಗ. ಗಡಿಯಾರದ ಅಂಗಡಿಯಲ್ಲಿ ಸಿಗುವ ಎಲ್‌ಆರ್44 ಎಂಬ ಎರಡು ಗುಂಡಿ ಸೆಲ್ಲುಗಳು ಬೆಳಕು ಅಳೆಯುವ ಮೀಟರಿಗೆ ಮಾತ್ರ ಬೇಕು. ಸೆಲ್ ಸತ್ತರೂ ಫೋಟೋ ನಿಲ್ಲುವುದಿಲ್ಲ. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಮೂರು ಪುಟ್ಟ ದೀಪಗಳು ಬೆಳಕು ಹೆಚ್ಚಾಯಿತು, ಸರಿಯಿದೆ, ಕಡಿಮೆಯಾಯಿತು ಎಂದು ಹೇಳುತ್ತವೆ. ಕಲಿಯುವವರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಮೈ ಪ್ಲಾಸ್ಟಿಕ್, ಹಗುರ, ಕೈಯಲ್ಲಿ ಹಿಡಿದಾಗ ಗತ್ತು ಬರುವುದಿಲ್ಲ. ಗತ್ತು ಬೇಕೆಂದರೆ ನಿಕಾನ್ ಎಫ್‌ಎಂ2 ಇದೆ, ಆದರೆ ನಿಮ್ಮ ಎಂಟು ಸಾವಿರದ ಮಾತು ಅಲ್ಲಿ ನಡೆಯುವುದಿಲ್ಲ.

ಯಾಶಿಕಾದ ಹೊರಗಿನ ಕಪ್ಪು ಹೊದಿಕೆ ಪುಡಿಪುಡಿಯಾಗಿ ಉದುರುವುದು ಸರ್ವೇಸಾಮಾನ್ಯ. ಅದನ್ನು ತೋರಿಸಿ ಚೌಕಾಸಿ ಮಾಡಿ, ಒಳಗೊಳಗೇ ಖುಷಿಪಡಿ. ಕೆಲಸಕ್ಕೆ ಅದರಿಂದ ಏನೂ ತೊಂದರೆಯಿಲ್ಲ. ಇವೆರಡರಲ್ಲಿ ಯಾವುದು ಎಂದರೆ ನನ್ನ ಮತ ಎಫ್‌ಎಂ10ಕ್ಕೆ. ಕ್ಯಾಮೆರಾ ಅದೇ ಹೆಚ್ಚು ಒಳ್ಳೆಯದೆಂದಲ್ಲ, ನಿಕಾನ್ ಲೆನ್ಸು ಯಾವ ಊರಿನಲ್ಲಾದರೂ ಸಿಗುತ್ತದೆ. ಡಯಾಫ್ರಮ್, ಅಂದರೆ ಬೆಳಕು ಒಳಬಿಡುವ ಕಂಡಿಯನ್ನು ಹಿರಿದು ಕಿರಿದು ಮಾಡುವ ಬಳೆ ಲೆನ್ಸಿನ ಮೇಲೆಯೇ ಇರುವಂಥದ್ದನ್ನು ಆರಿಸಿ; ಬಳೆ ಇಲ್ಲದ ಹೊಸ ಲೆನ್ಸುಗಳು ಇದರ ಮೇಲೆ ಕೂರುತ್ತವೆ, ಆದರೆ ಕಂಡಿ ಅತಿ ಕಿರಿದಾಗಿಯೇ ಉಳಿದುಬಿಡುತ್ತದೆ.

ಇನ್ನೊಂದು ದಾರಿಯಿದೆ, ಅದನ್ನು ಹೇಳಿದರೆ ರೀಲು ಪ್ರಿಯರು ಮೂಗು ಮುರಿಯುತ್ತಾರೆ. ತೊಂಬತ್ತರ ದಶಕದ ಕೊನೆ ಮತ್ತು ಈ ಶತಮಾನದ ಮೊದಲ ವರ್ಷಗಳಲ್ಲಿ ಬಂದ, ತಾನೇ ಫೋಕಸ್ ಮಾಡಿಕೊಳ್ಳುವ ಪ್ಲಾಸ್ಟಿಕ್ ಎಸ್‌ಎಲ್‌ಆರ್‌ಗಳು (ಲೆನ್ಸಿನ ಮೂಲಕವೇ ನೋಡಿ ಫೋಟೋ ತೆಗೆಯುವ ಕ್ಯಾಮೆರಾಗಳು): ನಿಕಾನ್ ಎಫ್75, ಎಫ್80, ಕ್ಯಾನನ್ ಇಒಎಸ್ 300. ಡಿಜಿಟಲ್ ಬಂದು ಇವುಗಳ ಮಾರುಕಟ್ಟೆಯನ್ನು ನುಂಗಿತು, ನೋಡಲು ಅಂದವೂ ಇಲ್ಲ, ಹಾಗಾಗಿ ಕೇಳುವವರಿಲ್ಲ. ಆದರೆ ಬೆಳಕು ಅಳೆಯುವುದರಲ್ಲಿ ಇವು ಮೇಲಿನ ಯಾವುದಕ್ಕಿಂತಲೂ ಜಾಣ. ಮನೆಯಲ್ಲಿ ಯಾರ ಬಳಿಯಾದರೂ ಅದೇ ಕಂಪನಿಯ ಡಿಜಿಟಲ್ ಎಸ್‌ಎಲ್‌ಆರ್ ಇದ್ದರೆ ಅದರ 50 ಮಿ.ಮೀ. ಲೆನ್ಸನ್ನು ಇವಕ್ಕೂ ಹಾಕಬಹುದು. ಚಿಕ್ಕ ಸೆನ್ಸರಿಗೆಂದೇ ಮಾಡಿದ ಲೆನ್ಸುಗಳು ಮಾತ್ರ ಆಗುವುದಿಲ್ಲ: ನಿಕಾನಿನ ಡಿಎಕ್ಸ್ ಲೆನ್ಸು ಮೂಲೆಗಳನ್ನು ಕಪ್ಪು ಮಾಡುತ್ತದೆ, ಕ್ಯಾನನಿನ ಇಎಫ್-ಎಸ್ ಲೆನ್ಸು ಕೂರುವುದೇ ಇಲ್ಲ. ತೊಂದರೆ ಎರಡು. ಎಫ್75, ಇಒಎಸ್ 300 ಎರಡಕ್ಕೂ ಸಿಆರ್2 ಎಂಬ ಲಿಥಿಯಂ ಬ್ಯಾಟರಿ ಬೇಕು, ಸಣ್ಣ ಊರಿನ ಅಂಗಡಿಯಲ್ಲಿ ಅದು ಸಿಗದು, ಎಫ್80ಕ್ಕೆ ಸಿಆರ್123ಎ. ಮತ್ತು ಒಳಗಿನ ಎಲೆಕ್ಟ್ರಾನಿಕ್ಸ್ ಕೆಟ್ಟರೆ ಕಥೆ ಮುಗಿಯಿತು. ಕೊಟ್ಟ ಬೆಲೆ ಕಡಿಮೆಯಾದ್ದರಿಂದ ನನಗೆ ಅದು ಒಪ್ಪುವ ಮಾತು.

ಕೊಳ್ಳುವ ಮೊದಲು ಬಂಧುಬಳಗದ ಬೀರುಗಳನ್ನು ಒಮ್ಮೆ ಜಾಲಾಡಿಸಿ. ಯಾಶಿಕಾ ಎಂಎಫ್-2 ಸೂಪರ್ ಅಥವಾ ಕೊಡಾಕ್ ಕೆಬಿ10 ಇಲ್ಲದ ಮಧ್ಯಮವರ್ಗದ ಮನೆ ಒಂದು ಕಾಲದಲ್ಲಿ ಅಪರೂಪವಾಗಿತ್ತು. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಆಯಿತು, ಫೋಕಸ್ ಮಾಡುವ ಗೋಜಿಲ್ಲ. ಇವುಗಳಿಂದ ಛಾಯಾಗ್ರಹಣ ಕಲಿಯುವುದು ಸಾಧ್ಯವಿಲ್ಲ, ಕಲಿಯಲು ಬೇಕಾದ ಯಾವ ತಿರುಗಣೆಯೂ ಇವುಗಳಲ್ಲಿಲ್ಲ. ಆದರೆ ಮೂವತ್ತಾರು ಫೋಟೋ ತೆಗೆದು, ತೊಳೆಸಿ ಬರುವವರೆಗೆ ಕಾಯುವ ಈ ವ್ಯವಹಾರ ನಿಮ್ಮ ಸ್ವಭಾವಕ್ಕೆ ಒಗ್ಗುತ್ತದೆಯೇ ಎಂಬುದು ಪುಕ್ಕಟೆಯಾಗಿ ತಿಳಿಯುತ್ತದೆ. ಹಾಳಾದ ಫ್ಲ್ಯಾಶ್ ಕ್ಯಾಮೆರಾವನ್ನು ಸ್ಕ್ರೂ ಬಿಚ್ಚಿ ರಿಪೇರಿ ಮಾಡಲು ಮಾತ್ರ ಹೋಗಬೇಡಿ, ಸೆಲ್ ತೆಗೆದ ಮೇಲೂ ಒಳಗೆ ಜೋರಾಗಿ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಹಾಗೆಯೇ ಎಪಿಎಸ್ ಎಂಬ ಬೇರೆ ಬಗೆಯ ರೀಲಿನ ಕ್ಯಾಮೆರಾ ಯಾರಾದರೂ ಕೊಟ್ಟರೆ ಬೇಡವೆನ್ನಿ, 2011ರಲ್ಲೇ ಆ ರೀಲಿನ ತಯಾರಿಕೆ ನಿಂತಿದೆ. ಅಜ್ಜನ ಅಗ್ಫಾ ಕ್ಲಿಕ್ 3 ಸಿಕ್ಕರೆ ಜೋಪಾನವಾಗಿಡಿ. ಅದಕ್ಕೆ ಬೇಕಾದ 120 ಎಂಬ ಅಗಲದ ರೀಲು ಇಂದಿಗೂ ಸಿಗುತ್ತದೆ, ಆದರೆ ಒಂದು ರೀಲಿಗೆ ಹನ್ನೆರಡೇ ಫೋಟೋ. ಅದು ಆಮೇಲಿನ ಮಾತು.

ಎಲ್ಲಿ ಕೊಳ್ಳಬೇಕು? ಇನ್‌ಸ್ಟಾಗ್ರಾಮಿನ ವ್ಯಾಪಾರಿಗಳಿಗಿಂತ ನಾನು ತಾಲ್ಲೂಕು ಕೇಂದ್ರಗಳ ಹಳೆಯ ಸ್ಟುಡಿಯೋ ಮಾಲೀಕರನ್ನು ಹೆಚ್ಚು ನಂಬುತ್ತೇನೆ. ಮದುವೆ, ಮುಂಜಿ, ಗೃಹಪ್ರವೇಶಗಳನ್ನು ಇದೇ ಎಫ್‌ಎಂ10, ಎಫ್‌ಎಕ್ಸ್-3ಗಳಲ್ಲಿ ತೆಗೆದವರು ಅವರು. ಕ್ಯಾಮೆರಾ ಮೈ ಸವೆದಿರುತ್ತದೆ, ಆದರೆ ಅದು ದುಡಿದು ಅನ್ನ ಹಾಕಿದ ಯಂತ್ರ, ಕೆಟ್ಟಾಗಲೆಲ್ಲ ರಿಪೇರಿಯಾಗಿರುತ್ತದೆ. ಒಳಗೆ ಹೋದ ಕೂಡಲೇ ಬೆಲೆ ಕೇಳಬೇಡಿ. ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಳ್ಳುವ ನೆಪದಲ್ಲಿಯಾದರೂ ಕುಳಿತು, ಹಳೆಯ ಕ್ಯಾಮೆರಾ ಇದೆಯೇ ಸಾರ್ ಎಂದು ವಿಚಾರಿಸಿ. ಕೆಲವರು ಮಾರುವುದಿಲ್ಲ, ಆದರೆ ರೀಲು ಹಾಕುವುದನ್ನು ಕಲಿಸಿಕೊಡುತ್ತಾರೆ. ಅದೂ ಲಾಭವೇ.

ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಕ್ಯಾಮೆರಾವನ್ನು ಯಾವ ಸಂಕೋಚವೂ ಇಲ್ಲದೆ ನೋಡಬೇಕು. ಒಂದು ಟಾರ್ಚು, ಎರಡು ಎಲ್‌ಆರ್44 ಸೆಲ್ಲು ಜೇಬಿನಲ್ಲಿರಲಿ. "ಸೆಲ್ ಇರಲಿಲ್ಲ, ಹಾಗಾಗಿ ಟೆಸ್ಟ್ ಮಾಡಿಲ್ಲ" ಎನ್ನುವ ಮಾರಾಟಗಾರನಿಗೆ ಕ್ಯಾಮೆರಾ ಕೆಲಸ ಮಾಡುವುದಿಲ್ಲ ಎಂಬುದು ಗೊತ್ತಿದೆ ಎಂದೇ ತಿಳಿಯಿರಿ. ಸೆಲ್ ಎಷ್ಟು ಅಗ್ಗ ಎಂಬುದು ಅವನಿಗೂ ಗೊತ್ತು. ಸೆಲ್ ಹಾಕುವ ಕುಳಿಯಲ್ಲಿ ಹಸಿರು ಅಥವಾ ಬಿಳಿ ಹುಡಿ ಕಂಡರೆ ಹಳೆಯ ಸೆಲ್ ಸೋರಿದೆ ಎಂದರ್ಥ. ತೆಳುವಾಗಿದ್ದರೆ ವಿನೆಗರ್ ತಾಗಿಸಿದ ಹತ್ತಿಯಿಂದ ಉಜ್ಜಿದರೆ ಹೋಗುತ್ತದೆ, ತಂತಿಯನ್ನೇ ತಿಂದಿದ್ದರೆ ಬಿಟ್ಟುಬಿಡಿ.

ಆಮೇಲೆ ಲೆನ್ಸು ಕಳಚಿ, ಹಿಂಬಾಗಿಲು ತೆರೆದು, ಶಟರನ್ನು ಒಂದೊಂದೇ ವೇಗದಲ್ಲಿ ಹೊಡೆಯಿರಿ. ಒಂದು ಸೆಕೆಂಡಿಗೆ ಇಟ್ಟಾಗ ನಿಜಕ್ಕೂ ಒಂದು ಸೆಕೆಂಡು ಎನಿಸಬೇಕು. ಬಹಳ ದಿನ ಸುಮ್ಮನಿದ್ದ ಕ್ಯಾಮೆರಾಗಳಲ್ಲಿ ಎಣ್ಣೆ ಒಣಗಿ, ನಿಧಾನ ವೇಗಗಳೇ ಮೊದಲು ತೊದಲುತ್ತವೆ. ಅತಿ ಹೆಚ್ಚು ವೇಗಕ್ಕೆ ಇಟ್ಟು, ಬೆಳಗುವ ಬಿಳಿ ಗೋಡೆಯ ಕಡೆ ಹಿಡಿದು ಹಿಂದಿನಿಂದ ನೋಡಿ. ಮಿಂಚಿನಂತೆ ಕಾಣುವ ಬೆಳಕು ಪೂರ್ತಿ ಆಯತವಾಗಿರಬೇಕು, ಒಂದು ಪಕ್ಕ ಕಪ್ಪಾಗಿ ಉಳಿದರೆ ಪರದೆಗಳ ಓಟ ತಪ್ಪಿದೆ. ಕಣ್ಣಿಗೆ ಹಿಡಿಯದಿದ್ದರೆ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ ನೋಡಿ. ಹಿಂಬಾಗಿಲಿನ ಅಂಚಿನ ಕಪ್ಪು ಸ್ಪಂಜನ್ನು ಉಗುರಿನಿಂದ ಮುಟ್ಟಿ. ಅದು ಅಂಟಂಟಾಗಿದ್ದರೆ ಬೆಳಕು ಸೋರಿ ಫೋಟೋಗಳ ಮೇಲೆ ಕೆಂಪು ಪಟ್ಟೆ ಬೀಳುತ್ತದೆ, ಆದರೆ ಕಪ್ಪು ಸ್ಪಂಜು ಕತ್ತರಿಸಿ ಮನೆಯಲ್ಲೇ ಹಚ್ಚಬಹುದಾದ್ದರಿಂದ ಅದೊಂದೇ ಕಾರಣಕ್ಕೆ ಒಳ್ಳೆಯ ಕ್ಯಾಮೆರಾ ಬಿಡಬೇಡಿ.

ಲೆನ್ಸಿನ ವಿಷಯದಲ್ಲಿ ಮಾತ್ರ ನಾನು ನಿರ್ದಯಿ. ನಾನಿರುವುದು ಕರಾವಳಿಯಲ್ಲಿ, ಇಲ್ಲಿ ಜೂನ್ ತಿಂಗಳಿಂದ ಚಪ್ಪಲಿ, ಬೆಲ್ಟು, ಪುಸ್ತಕಕ್ಕೆಲ್ಲ ಬೂಷ್ಟು ಹಿಡಿಯುವಾಗ ಲೆನ್ಸನ್ನು ಬಿಡುತ್ತದೆಯೇ? ಡಯಾಫ್ರಮನ್ನು ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚು ಬಿಟ್ಟು ಮುಂದಿನಿಂದ ನೋಡಿ. ಧೂಳಿನ ಕಣಗಳಿರುತ್ತವೆ, ಅವು ಲೆಕ್ಕಕ್ಕಿಲ್ಲ. ಮುಂದಿನ ಗಾಜಿನ ಮೇಲೆ ಒಂದೆರಡು ಗೀರು ಇದ್ದರೂ ಫೋಟೋದಲ್ಲಿ ಕಾಣುವುದಿಲ್ಲ. ಆದರೆ ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಅದೇ ಫಂಗಸ್. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಬಿಚ್ಚಿ ತೊಳೆಯುವವರಿದ್ದಾರೆ. ನಡುವಿನವರೆಗೂ ಹಬ್ಬಿದ್ದರೆ ಗಾಜಿನ ಲೇಪವನ್ನೇ ತಿಂದಿರುತ್ತದೆ, ಒರೆಸಿದರೂ ಗುರುತು ಹೋಗದು. ಪೂರ್ತಿ ಲೆನ್ಸು ಮಂಜು ಕವಿದಂತಿದ್ದರೂ ಬೇಡ. ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನ ಕಡೆಯಿಂದ ಬರುವ ಲೆನ್ಸನ್ನು ಫೋಟೋ ನೋಡಿ ಕೊಳ್ಳಲೇಬೇಡಿ, ಎದುರಿಗೆ ನೋಡಿ. ನಮ್ಮೂರಿನವರು ಸುಳ್ಳುಗಾರರೆಂದಲ್ಲ, ನಮ್ಮೂರಿನ ಗಾಳಿ ಹಾಗಿದೆ. ಕೊಂಡ ಮೇಲೆ ಅದರ ಜೊತೆ ಬಂದ ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹೀರಿ ಹಿಡಿದಿಡುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಇಡಿ. ಅದಕ್ಕಿಂತ ಒಳ್ಳೆಯದು ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಬಳಸುವುದು.

ಇನ್‌ಸ್ಟಾಗ್ರಾಮಿನವರಿಂದಲೇ ಕೊಳ್ಳುವುದಾದರೆ ಅದೇ ಕ್ಯಾಮೆರಾದಲ್ಲಿ ಈಚೆಗೆ ತೆಗೆದ ಇಡೀ ರೀಲಿನ ಸ್ಕ್ಯಾನ್ ಕೇಳಿ. ಆಯ್ದ ನಾಲ್ಕು ಫೋಟೋ ಸಾಲದು, ಇಡೀ ರೀಲು ಬೇಕು. ಶಟರಿನ ಸದ್ದಿರುವ ವಿಡಿಯೋ ಕೇಳಿ. ಕೆಟ್ಟಿದ್ದರೆ ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತೀರಿ ಎಂದು ಬರಹದಲ್ಲೇ ಕೇಳಿ. ಇಷ್ಟಕ್ಕೆ ಸಿಡುಕಿದರೆ ನಿಮಗೆ ಉತ್ತರ ಸಿಕ್ಕಿದಂತೆ.

ರೀಲಿನ ಬಗ್ಗೆ ಚುಟುಕಾಗಿ: ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಎಂಬ ಹೆಸರಿನ ರೀಲುಗಳ ಕಾಲ ಮುಗಿದಿದೆ, ಈಗ ಬರುವುದೆಲ್ಲ ಹೊರಗಿನದು. ಕಲರ್ ಬೇಕಾದರೆ ಕೊಡಾಕ್ ಕಲರ್‌ಪ್ಲಸ್ 200 ಅಥವಾ ಗೋಲ್ಡ್ 200, ಕಪ್ಪು-ಬಿಳುಪಿಗೆ ಫೋಮಾಪ್ಯಾನ್ ಅಥವಾ ಇಲ್‌ಫರ್ಡ್ ಎಚ್‌ಪಿ5 ಪ್ಲಸ್. ಅವಧಿ ಮುಗಿದ ರೀಲು ಅಗ್ಗ ಎಂದು ಮೊದಲ ಸಲಕ್ಕೇ ಹಾಕಬೇಡಿ, ಫೋಟೋ ಕೆಟ್ಟರೆ ದೋಷ ಕ್ಯಾಮೆರಾದ್ದೋ ರೀಲಿನದೋ ತಿಳಿಯುವುದಿಲ್ಲ. ಮೀಟರ್ ಕೈಕೊಟ್ಟರೆ ಹಳೆಯ ಲೆಕ್ಕ ನೆನಪಿರಲಿ: ಚುರುಗುಟ್ಟುವ ಬಿಸಿಲಿನಲ್ಲಿ ಲೆನ್ಸಿನ ಕಂಡಿ ಎಫ್/16ಕ್ಕೆ, ಶಟರ್ ವೇಗ ರೀಲಿನ ಡಬ್ಬಿಯ ಮೇಲಿನ ಸಂಖ್ಯೆಗೆ ಹತ್ತಿರದ್ದು, ಅಂದರೆ 200ರ ರೀಲಿಗೆ 1/250. ರೀಲು ಹಾಕಿ, ಅದನ್ನು ಮುಂದೆ ಸರಿಸುವ ಸನ್ನೆಕೋಲನ್ನು ಎಳೆಯುವಾಗ ಎಡಗಡೆಯ ಸುತ್ತುವ ಗುಂಡಿಯೂ ತಿರುಗುತ್ತಿದೆಯೇ ನೋಡಿ. ಅದು ತಿರುಗದಿದ್ದರೆ ರೀಲು ಸಿಕ್ಕಿಕೊಂಡಿಲ್ಲ, ನೀವು ತೆಗೆದ ಮೂವತ್ತಾರೂ ಗಾಳಿಗೆ ಹೋಗುತ್ತವೆ. ಹುಬ್ಬಳ್ಳಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ತೊಳೆಯಲು ಕೊಡುವಾಗ ಸ್ಕ್ಯಾನಿನ ಜೊತೆ ನೆಗೆಟಿವ್ ವಾಪಸ್ ಬೇಕು ಎಂದು ಚೀಟಿಯಲ್ಲೇ ಬರೆದುಕೊಡಿ. ಬರೆಯದಿದ್ದರೆ ಕೆಲವು ಲ್ಯಾಬುಗಳು ಕಸದಬುಟ್ಟಿಗೆ ಹಾಕುತ್ತವೆ.