ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಅದಿತಿ ಅಶೋಕ್ ಅವರನ್ನು ಇಷ್ಟೊಂದು ಹೊಗಳುವುದೇಕೆ?

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕವನ್ನೇ ಪಡೆಯದ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರನ್ನು ಜನ ಇಷ್ಟು ಮೆಚ್ಚುವುದೇಕೆ, ಅಷ್ಟಕ್ಕೂ ಅವರು ಗೆದ್ದದ್ದಾದರೂ ಏನು ಎಂದು ಕೇಳಿದ್ದೀರಿ. ಗೆದ್ದದ್ದರ ಲೆಕ್ಕವನ್ನು ಕೊನೆಗೆ ಕೊಡುತ್ತೇನೆ. ಮೆಚ್ಚುವುದೇಕೆ ಎಂಬುದನ್ನು ಮಾತ್ರ ನಾನು ಕಂಡ ಹಾಗೆಯೇ ಹೇಳಬೇಕು, ಏಕೆಂದರೆ ಆ ದಿನದವರೆಗೆ ನಾನೂ ಗಾಲ್ಫ್ ಎಂದರೆ ಹಣವಂತರ ವಿಹಾರ ಎಂದೇ ತಿಳಿದಿದ್ದವನು.

2021ರ ಆಗಸ್ಟ್ 7, ಶನಿವಾರ. ಮಂಗಳೂರಿನಲ್ಲಿ ಆಟಿ ತಿಂಗಳ ಮಳೆ, ಮೇಲಿಂದ ದಕ್ಷಿಣ ಕನ್ನಡಕ್ಕೆ ವಾರಾಂತ್ಯದ ಕರ್ಫ್ಯೂ. ಎಲ್ಲಿಗೂ ಹೋಗುವಂತಿಲ್ಲದ ಆ ದಿನ ಬೆಳಕು ಹರಿಯುವ ಮೊದಲೇ ಎದ್ದು ನಾನೂ, ಎಂಟನೇ ತರಗತಿಯಲ್ಲಿದ್ದ ಮಗಳೂ ಟಿವಿ ಮುಂದೆ ಕುಳಿತಿದ್ದೆವು. ಅದುವರೆಗೆ ನಮಗಿದ್ದ ಗಾಲ್ಫ್ ಪರಿಚಯವೆಂದರೆ, ಪಿಲಿಕುಳದ ಮೃಗಾಲಯಕ್ಕೆ ಹೋಗಿದ್ದಾಗ ಅಲ್ಲಿನ ಗಾಲ್ಫ್ ಮೈದಾನದ ಹಸಿರನ್ನು ದೂರದಿಂದ ಕಂಡದ್ದು, ಅಷ್ಟೇ. ಆದರೆ ಮೂರು ಸುತ್ತುಗಳ ಆಟ ಮುಗಿದಾಗ ಬೆಂಗಳೂರಿನ ಒಬ್ಬ ಹುಡುಗಿ ಜಗತ್ತಿನ ಮೊದಲ ಕ್ರಮಾಂಕದ ನೆಲ್ಲಿ ಕೋರ್ಡಾ ಅವರ ನಂತರ ಎರಡನೆಯ ಸ್ಥಾನದಲ್ಲಿ ನಿಂತಿದ್ದಾಳೆ, ಆಕೆಯ ವಿಶ್ವ ಕ್ರಮಾಂಕ 200 ಎಂದು ಕೇಳಿದ ಮೇಲೆ ನಿದ್ದೆ ಎಲ್ಲಿಂದ ಬರಬೇಕು?

ಆಟವೇ ಗೊತ್ತಿಲ್ಲದ ನಮಗೆ ಅರ್ಥವಾಗದ್ದು ಒಂದೇ: ಇಷ್ಟು ಹತ್ತಿರ ಬಂದ ಚೆಂಡನ್ನು ಹೋಲ್‌ಗೆ ಹಾಕಲು ಇವರೆಲ್ಲ ಇಷ್ಟೇಕೆ ಯೋಚಿಸುತ್ತಾರೆ? ಹೋಲ್‌ನ ಅಗಲ 108 ಮಿಲಿಮೀಟರ್ ಎಂದು ತಿಳಿದ ಮಗಳು ಸ್ಕೇಲ್ ಹಿಡಿದು ಅಡುಗೆಮನೆಗೆ ಹೋಗಿ, ಹೆಚ್ಚುಕಡಿಮೆ ಅಷ್ಟೇ ಬಾಯಿಯಿದ್ದ ತೆಂಗಿನ ಗೆರಟೆಯೊಂದನ್ನು ತಂದಳು. ಅದನ್ನು ಚಾವಡಿಯ ಕಾವಿ ನೆಲದ ಮೇಲೆ ಕವುಚಿ, ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ನಾಲ್ಕು ಮಾರು ದೂರದಿಂದ ರಬ್ಬರ್ ಚೆಂಡನ್ನು ಆ ವೃತ್ತದೊಳಗೆ ನಿಲ್ಲುವಂತೆ ಉರುಳಿಸಲು ನೋಡಿದೆವು. ನೆಲ ಒರೆಸಿದ ನೀರು ಬಾಗಿಲಿನತ್ತ ಹರಿದುಹೋಗಲೆಂದು ಕೊಟ್ಟಿದ್ದ ಇಳಿಜಾರು ಇಷ್ಟು ವರ್ಷ ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ಚೆಂಡು ಮಾತ್ರ ಪ್ರತಿ ಸಲವೂ ಆ ಇಳಿಜಾರು ಹಿಡಿದು ಬಾಗಿಲಿನ ಕಡೆಗೇ ವಾಲುತ್ತಿತ್ತು. ಸುಮಾರು ಇಪ್ಪತ್ತು ಸಲ ಉರುಳಿಸಿದ್ದರಲ್ಲಿ ಮಗಳು ಎರಡು ಸಲ ಗೆದ್ದಳು, ನಾನು ಒಂದು ಸಲವೂ ಇಲ್ಲ. ಗಾಲ್ಫ್‌ನಲ್ಲಿ ಪಟ್ ಎನ್ನುವುದು ಇದನ್ನೇ, ಮತ್ತು ಅದಿತಿ ಅವರ ಆಟದ ಜೀವಾಳವೂ ಅದೇ.

ಅದಿತಿ ಚೆಂಡನ್ನು ಬಹುದೂರ ಹೊಡೆಯುವ ಆಟಗಾರ್ತಿಯಲ್ಲ. ಟೋಕಿಯೊದಲ್ಲಿ ಆಡಿದ 60 ಮಂದಿಯಲ್ಲಿ ಮೊದಲ ಹೊಡೆತದ ದೂರದ ಮಟ್ಟಿಗೆ ಅವರು ಬಹುತೇಕ ಕೊನೆಯವರು. ಒಲಿಂಪಿಕ್ಸ್‌ಗೆ ಕೆಲವೇ ವಾರಗಳ ಮುಂಚೆ ಕೋವಿಡ್ ಬಂದು ಇದ್ದ ಕಸುವೂ ಕುಂದಿತ್ತು. ಕೋರ್ಡಾ ಅವರ ಚೆಂಡು ಹತ್ತಾರು ಗಜ ಮುಂದೆ ಬಿದ್ದಿರುತ್ತಿತ್ತು. ಹೋಲ್‌ನಿಂದ ಹೆಚ್ಚು ದೂರ ಇರುವವರು ಮೊದಲು ಹೊಡೆಯುವುದು ಈ ಆಟದ ಪದ್ಧತಿಯಾದ್ದರಿಂದ, ಎರಡನೇ ಹೊಡೆತಕ್ಕೆ ಮತ್ತೆ ಮತ್ತೆ ಅದಿತಿ ಅವರೇ ಮೊದಲು ನಿಲ್ಲುತ್ತಿದ್ದರು. ಹೀಗೆ ಹಿಂದೆ ಬಿದ್ದವರು ಗ್ರೀನ್, ಅಂದರೆ ಹೋಲ್ ಸುತ್ತಲಿನ ನುಣುಪಾದ ಹುಲ್ಲುಹಾಸು, ಮುಟ್ಟಿದ ಮೇಲೆ, ನಮ್ಮ ಕಾವಿ ನೆಲಕ್ಕಿಂತ ಎಷ್ಟೋ ಪಟ್ಟು ಮೋಸಗಾರ ಇಳಿಜಾರಿನಲ್ಲಿ, ಒಂದೊಂದೇ ಪಟ್‌ನಿಂದ ಆ ಕೊರತೆಯನ್ನು ತುಂಬಿಕೊಳ್ಳುತ್ತಿದ್ದರು. ಅಂದು ಕೊನೆಯ ಸುತ್ತಿನಲ್ಲಿ ಅವರು ಐದು ಬರ್ಡಿ ಗಳಿಸಿ, ಎರಡೇ ಬೋಗಿ ಮಾಡಿದರು. ಅಂದರೆ ಐದು ಹೋಲ್‌ಗಳಲ್ಲಿ ನಿಗದಿಗಿಂತ ಒಂದು ಹೊಡೆತ ಉಳಿಸಿ, ಎರಡರಲ್ಲಿ ಒಂದೊಂದು ಕಳೆದುಕೊಂಡರು.

ಆ ನಾಲ್ಕೂ ದಿನ ಅವರ ಬ್ಯಾಗು ಹೊತ್ತವರು ತಾಯಿ ಮಹೇಶ್ವರಿ. ಇದನ್ನು ಟಿವಿಯಲ್ಲಿ ನೋಡಿದಾಗ ನನ್ನ ಹೆಂಡತಿ ಅಡುಗೆಮನೆಯ ಕೆಲಸ ಬಿಟ್ಟು ಬಂದು ಕುಳಿತಳು. ಬ್ಯಾಗಿನಲ್ಲಿ ಕ್ಲಬ್ ಎನ್ನುವ ಚೆಂಡು ಹೊಡೆಯುವ ಕೋಲುಗಳು 14ರವರೆಗೆ ಇರಬಹುದು. ಜಪಾನಿನ ಬೇಸಿಗೆಯ ಧಗೆಯಲ್ಲಿ ಅದನ್ನು ಹೊತ್ತು ದಿನವೂ ಆರು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು, ನಡುವೆ ಮಗಳಿಗೆ ನೀರು ಕೊಡಬೇಕು, ಧೈರ್ಯವನ್ನೂ ಕೊಡಬೇಕು. ಐದು ವರ್ಷ ಹಿಂದೆ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಹದಿನೆಂಟರ ಅದಿತಿ ಮೊದಲೆರಡು ಸುತ್ತು ಅಗ್ರ ಹತ್ತರೊಳಗಿದ್ದು ಕೊನೆಗೆ ಜಂಟಿ 41ನೇ ಸ್ಥಾನಕ್ಕೆ ಜಾರಿದಾಗ ಬ್ಯಾಗು ಹೊತ್ತಿದ್ದವರು ತಂದೆ ಅಶೋಕ್. ಆ ಮನೆಯಲ್ಲಿ ಮೊದಲು ಯಾರೂ ಗಾಲ್ಫ್ ಆಡಿದವರಲ್ಲ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಕಾಣುವ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ಕುಳಿತಿದ್ದಾಗ ಐದಾರು ವರ್ಷದ ಮಗಳು ಅಲ್ಲಿ ಆಡುತ್ತಿದ್ದವರನ್ನು ನೋಡಿ ಆಸೆಪಟ್ಟಳೆಂದು, ತಂದೆತಾಯಿ ಅವಳ ಜೊತೆಗೆ ತಾವೂ ಆಟ ಕಲಿತರು. ಮಕ್ಕಳನ್ನು ತರಬೇತಿಗೆ ಬಿಟ್ಟು ಗೇಟಿನಾಚೆ ಕಾಯುವ ಹೆತ್ತವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ನಾನೂ ಅವರಲ್ಲೊಬ್ಬ. ಮಗುವಿನ ಆಟವನ್ನು ಒಳಗಿನಿಂದ ಅರಿಯಲು ತಾವೇ ಕಲಿಯಲು ನಿಂತದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಆಟ ಮುಗಿಯಲು ಕೆಲವೇ ಹೋಲ್‌ಗಳು ಉಳಿದಿದ್ದಾಗ ಅಲ್ಲಿ ಗುಡುಗು ಮಳೆಯಾಗಿ ಆಟ ನಿಂತಿತು. ನಮ್ಮ ಅಂಗಳದಲ್ಲೂ ಧೋ ಎಂದು ಸುರಿಯುತ್ತಿತ್ತು. ಕರೆಂಟು ಹೋಗದಿರಲಿ ಎಂದು ಮೂವರೂ ಬೇಡಿಕೊಂಡೆವು. ಆಟ ಮತ್ತೆ ಶುರುವಾಗಿ ಕೊನೆಯ ಹೋಲ್‌ಗೆ ಬಂದಾಗ ಅದಿತಿ ಅವರಿಗೆ ಒಂದು ಬರ್ಡಿ ಬೇಕಿತ್ತು, ಬಿದ್ದಿದ್ದರೆ ಪದಕಕ್ಕಾಗಿ ಪ್ಲೇಆಫ್, ಅಂದರೆ ಸಮಬಲದವರ ನಡುವಿನ ಹೆಚ್ಚುವರಿ ಆಟ, ಆಡುವವರ ಸಾಲಿಗೆ ಅವರೂ ಸೇರುತ್ತಿದ್ದರು. ಆ ಪಟ್ ಬೀಳಲಿಲ್ಲ. ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆಲ್ಲುವ ಈ ಆಟದಲ್ಲಿ, ಪಾರ್ ಎನ್ನುವ ನಿಗದಿತ ಲೆಕ್ಕಕ್ಕಿಂತ 17 ಹೊಡೆತ ಕಡಿಮೆ ಮಾಡಿದ ಕೋರ್ಡಾ ಚಿನ್ನ ಗೆದ್ದರು. ತಲಾ 16 ಕಡಿಮೆ ಮಾಡಿದ ಜಪಾನಿನ ಮೊನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೊ ಪ್ಲೇಆಫ್ ಆಡಿ ಬೆಳ್ಳಿ, ಕಂಚು ಹಂಚಿಕೊಂಡರು. 15 ಕಡಿಮೆ ಮಾಡಿದ ಅದಿತಿ ನಾಲ್ಕನೆಯವರಾದರು. ನಾಲ್ಕು ದಿನಗಳಲ್ಲಿ 269 ಹೊಡೆತ. 268 ಆಗಿದ್ದರೆ ಪದಕದ ಬಾಗಿಲು. ಅದೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದದ್ದರಿಂದ, ಬೆಳಗಿನ ಈ ಕಥೆ ಆ ಸಂಭ್ರಮದಲ್ಲಿ ಮರೆಗೆ ಸರಿಯಿತು. ನಿಮಗೆ ಅದರ ಬಗ್ಗೆ ‘ನಾಲ್ಕನೆಯ ಸ್ಥಾನ’ ಎಂಬಷ್ಟೇ ಉಳಿದಿದ್ದರೆ ಅದು ನಿಮ್ಮ ತಪ್ಪಲ್ಲ.

ಈಗ ಗೆದ್ದದ್ದರ ವಿಷಯ. 2016ರಲ್ಲಿ ವೃತ್ತಿಪರರಾದ ವರ್ಷವೇ ಭಾರತೀಯ ಮಹಿಳಾ ಓಪನ್ ಗೆದ್ದು, ಯುರೋಪಿನ ಮಹಿಳಾ ವೃತ್ತಿಪರ ಗಾಲ್ಫ್ ಸರಣಿಯಾದ ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದರು. ಆ ಬೆನ್ನಿಗೇ ಕತಾರ್ ಓಪನ್, ಮರುವರ್ಷ ಅಬುಧಾಬಿ. ಆಮೇಲೆ ಐದು ವರ್ಷಗಳಿಗೂ ಮೀರಿ ಗೆಲುವಿಲ್ಲ. ಟೋಕಿಯೊ ಬಂದದ್ದು ಆ ಬರಗಾಲದ ನಡುವೆ ಎಂಬುದನ್ನು ಮರೆಯಬೇಡಿ. 2023ರ ಫೆಬ್ರುವರಿಯಲ್ಲಿ ಕೀನ್ಯಾದಲ್ಲಿ ಗೆದ್ದ ಮೇಲೆ ಆ ವರ್ಷವಿಡೀ ಅವರು ಗೆಲುವನ್ನು ಬೆನ್ನಟ್ಟಿದ ಬಗೆ ನೋಡಬೇಕು. ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಅಮೆರಿಕದ ಮಹಿಳಾ ವೃತ್ತಿಪರ ಸರಣಿಯಾದ ಎಲ್‌ಪಿಜಿಎ ಪಂದ್ಯದಲ್ಲಿ ಕೊನೆಯ ಹೋಲ್‌ನಲ್ಲಿ ಬರ್ಡಿ ಗಳಿಸಿ ಪ್ಲೇಆಫ್‌ಗೆ ಹೋಗಿ, ಅಲ್ಲಿ ಆಸ್ಟ್ರೇಲಿಯದ ಹನ್ನಾ ಗ್ರೀನ್ ಅವರಿಗೆ ಸೋತರು. ಅಕ್ಟೋಬರ್ 1ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಕೊನೆಯ ಸುತ್ತಿಗೆ ಏಳು ಹೊಡೆತಗಳ ಮುನ್ನಡೆಯಿಂದ ಇಳಿದವರು, 77 ಹೊಡೆತ ಆಡಿ ಚಿನ್ನವನ್ನು ಕೈಬಿಟ್ಟು ಬೆಳ್ಳಿಗೆ ನಿಂತರು. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಬಂದ ಮೊದಲ ಪದಕ ಅದಾದರೂ ನನಗೆ ಟೋಕಿಯೊಗಿಂತ ಹೆಚ್ಚು ನೋವಾದದ್ದು ಆ ದಿನ. ಟೋಕಿಯೊದಲ್ಲಿ ಅವರು ಬೆನ್ನಟ್ಟುತ್ತಿದ್ದರು, ಇಲ್ಲಿ ಕೈಗೆ ಬಂದದ್ದು ಜಾರಿತ್ತು. ಅದಾಗಿ ಎರಡು ತಿಂಗಳೊಳಗೆ ಸ್ಪೇನಿಗೆ ಹೋಗಿ, ಅಲ್ಲಿನ ಓಪನ್ ಪ್ರಶಸ್ತಿಯನ್ನು ಗೆದ್ದರು.

2024ರ ಪ್ಯಾರಿಸ್‌ನಲ್ಲಿ ಅವರಿಗೆ ಜಂಟಿ 29ನೇ ಸ್ಥಾನ. ಆ ನಾಲ್ಕು ದಿನವೂ ಶಾಲೆಯಿಂದ ಬಂದವಳೇ ಮಗಳು ಸ್ಕೋರು ನೋಡುತ್ತಿದ್ದಳು, ಬೋಗಿ ಎಂದರೇನು ಎಂದು ಅಜ್ಜಿಗೆ ಅವಳೇ ವಿವರಿಸುತ್ತಿದ್ದಳು.